ತ್ರಿಕೋನದ ಮೂರನೆಯ ಮನೆ

ಒಂದು ಮನೆಯ ಸರ್ವೇಗೆ ಅರವತ್ತು ರೂಪಾಯಿ. ಅದರಲ್ಲಿ ಆಟೋಗೆ ಹತ್ತು ಹೋಗುತ್ತಿತ್ತು. ಉಳಿದದ್ದಕ್ಕೆ ಬಾಗಿಲಲ್ಲಿ ನಿಂತು ಕಾಯುವ ಕಾಲು ಗಂಟೆ, ಒಳಗೆ ಕೂತು ಕೇಳುವ ಮುಕ್ಕಾಲು ಗಂಟೆ, ಬೇಡವೆಂದರೂ ಬಿಡದೆ ಕೊಡುವ ಚಹಾ, ಪ್ರಶ್ನೆಗೆ ಸಂಬಂಧವೇ ಇಲ್ಲದ ಸೊಸೆಯ ಮೇಲಿನ ದೂರು. ಫಾರಂನಲ್ಲಿ ಹೆಸರು ಬರೆಯುವ ಜಾಗ ತುಂಬಿದ್ದರೆ ಮಾತ್ರ ಆ ಅರವತ್ತು. ಖಾಲಿ ಬಿಟ್ಟರೆ, ಮತ್ತೊಮ್ಮೆ ಹೋಗಿ ಕೇಳಿ ಬನ್ನಿ ಎಂದು ಆಫೀಸಿನಿಂದ ವಾಪಸು ಬರುತ್ತಿತ್ತು. ಆ ಎರಡನೆಯ ನಡಿಗೆಗೆ ದುಡ್ಡಿರಲಿಲ್ಲ. ನಿಖಾತ್ ರಾಮನಗರದಲ್ಲಿ ಇನ್ನೂರ ಎಂಬತ್ತು ಮನೆ ಮಾಡಿದ್ದಳು. ಇನ್ನೂರ ಎಪ್ಪತ್ತೊಂಬತ್ತು ಮನೆಯವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದಳು. ಉಳಿದ ಒಂದಕ್ಕೂ ಅರವತ್ತೇ ಬಂದಿತ್ತು.

ಸೋಮವಾರ ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯ ಆಫೀಸಿನ ಮೆಟ್ಟಿಲು ಹತ್ತುವಾಗ ಆ ಒಂದು ಮನೆಯೇ ಅವಳ ತಲೆಯಲ್ಲಿತ್ತು. ಹದಿನೆಂಟು ಮೆಟ್ಟಿಲು. ಕೆಳಗಿನಿಂದ ಬೆಂದ ಹುಳದ ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದ ಮೂಗಿಗೆ ಅಂಟಿದ ವಾಸನೆ, ಅದನ್ನು ಅವಳು ಗಮನಿಸುವುದೇ ಇರಲಿಲ್ಲ, ಇವತ್ತು ಗಮನಿಸಿದಳು. ಆ ಮನೆಯಲ್ಲಿ ಒಂಟಿಯಾಗಿರುವ ಕರೀಮುನ್ನೀಸಾ ಖಾಲಾ ಗುರುವಾರ ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದವಳು ಶನಿವಾರ ಬೆಳಿಗ್ಗೆಯವರೆಗೂ ಅಲ್ಲೇ ಬಿದ್ದಿದ್ದಳು. ಕರೆಂಟಿನ ಮೀಟರ್ ಓದಲು ಬಂದವನು ನರಳುವ ಸದ್ದು ಕೇಳಿ ಬಾಗಿಲು ಒದ್ದು ಒಳಗೆ ಹೋಗಿದ್ದ. ನಿಖಾತಳ ಮನೆಯಿಂದ ಆ ಬಾಗಿಲಿಗೆ ನಲವತ್ತು ಹೆಜ್ಜೆ. ಗುರುವಾರ ಸಂಜೆ ಹಾಲಿಗೆ, ಶುಕ್ರವಾರ ಬೆಳಿಗ್ಗೆ ಆಫೀಸಿಗೆ, ಸಂಜೆ ವಾಪಸು, ಆಮೇಲೆ ಕೊತ್ತಂಬರಿ ಸೊಪ್ಪಿಗೆ. ನಾಲ್ಕು ಸಲ ಆ ಬಾಗಿಲ ಮುಂದೆ ನಡೆದಿದ್ದಳು. ಕೊತ್ತಂಬರಿ ತರುವಾಗ ಒಳಗಿಂದ ಏನೋ ಕೇಳಿಸಿತ್ತೆ, ಇಲ್ಲವೆ ಎಂದು ಎರಡು ದಿನದಿಂದ ತನ್ನನ್ನೇ ವಿಚಾರಿಸುತ್ತಿದ್ದಳು. ಕೇಳಿಸಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆಗ ಬೆಕ್ಕು ಅಂದುಕೊಂಡಿದ್ದಳು.

ಆಫೀಸಿನಲ್ಲಿ ಅನಂತರಾಜು ಸರ್ ದೊಡ್ಡ ಮೇಜಿನ ಮೇಲೆ ಇಪ್ಪತ್ತು ಹಾಳೆ ಹರಡಿ ನಿಂತಿದ್ದರು. ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವರು. ಮಾತು ಮೃದು, ಯಾರನ್ನೂ ಮೇಡಂ ಎನ್ನದೆ ಕರೆದವರಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಸೇರಿ ಸಾವಿರದ ನೂರಾ ನಲವತ್ತು ಮನೆಗಳ ಫಾರಂ ಅವರ ಹತ್ತಿರ ಇತ್ತು. ಮನೆಯೊಂದು ಚುಕ್ಕಿ, ಎರಡು ಮನೆಯ ನಡುವೆ ಹೋಗಿಬರುವುದು ಇದ್ದರೆ ಒಂದು ಗೆರೆ. ಕೊಡುವುದೂ ಇರಬೇಕು, ತೆಗೆದುಕೊಳ್ಳುವುದೂ ಇರಬೇಕು, ಒಂದೇ ಕಡೆಯದಾದರೆ ಗೆರೆಯಿಲ್ಲ. ನಿಜವಾದ ಮನೆಗಳ ನಕ್ಷೆಯನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲ, ಜನರ ಗುಟ್ಟು ಅದು. ಅದಕ್ಕೇ ಇವುಗಳನ್ನು ನೋಡಿ ಕಲಿತು ಇವುಗಳಂಥದೇ ಹೊಸ ಊರುಗಳನ್ನು ತಾನೇ ಹುಟ್ಟಿಸುವ ಯಂತ್ರವೊಂದನ್ನು ಅವರ ತಂಡ ಮಾಡಿತ್ತು. ಯಾರೂ ಬದುಕಿರದ ಊರು, ಆದರೆ ನೋಡಿದರೆ ಬದುಕಿರುವ ಊರಿನಂತೆಯೇ ಇರಬೇಕು. ಡೀಪ್ ಲರ್ನಿಂಗ್ ಎಂಬ ಮಾತನ್ನು ನಿಖಾತ್ ಮೊದಲು ಕೇಳಿದ್ದು ಅವರ ಬಾಯಲ್ಲೇ. "ಎರಡು ಯಂತ್ರ ಇರುತ್ತೆ ಮೇಡಂ," ಎಂದು ಅವರು ತರಬೇತಿಯ ದಿನ ವಿವರಿಸಿದ್ದರು. "ಒಂದು ಊರು ಕಟ್ಟುತ್ತೆ. ಇನ್ನೊಂದರ ಕೆಲಸ ಸುಳ್ಳು ಹಿಡಿಯೋದು. ಅದು ಹಿಡೀತಾ ಇರುತ್ತೆ, ಇದು ತಿದ್ದಿಕೊಳ್ತಾ ಇರುತ್ತೆ. ಇನ್ನು ಹಿಡಿಯೋಕೆ ಆಗಲ್ಲ ಅನ್ನೋವರೆಗೂ ನಡೀತಾನೇ ಇರುತ್ತೆ. ಹಳೇ ಮಾಡೆಲ್‌ಗಳು ಜೋಡಿ ಜೋಡಿ ಮಾತ್ರ ನೋಡ್ತಿದ್ವು. ಇವನಿಗೂ ಅವನಿಗೂ ಗೆರೆ ಇದೆಯಾ, ಅಷ್ಟೇ. ಜನ ಹಾಗೆ ಬದುಕಲ್ಲ ಅಲ್ವಾ. ಮೂರು ಮನೆ ಸೇರಿದಾಗ ಅದರ ಬಲಾನೇ ಬೇರೆ. ನಮ್ಮದು ಮೂರು, ನಾಲ್ಕು ಮನೆಗಳ ಕಟ್ಟನ್ನೇ ಒಟ್ಟಿಗೆ ಕಲಿಯುತ್ತೆ."

ಆವತ್ತೇ ಅವರು ಕೇಳಿದ್ದು: ಕಷ್ಟಕ್ಕೆ ಯಾರ ಬಾಗಿಲು ತಟ್ಟುತ್ತೀರಿ ಎಂದರೆ ಜನ ಮುಜುಗರಪಡುತ್ತಾರೆ, ನಾಚಿಕೆಯಿಲ್ಲದೆ ಹೇಳುವಂಥ ಪ್ರಶ್ನೆ ಯಾವುದಾದರೂ ಇದೆಯೆ. ಹದಿನಾಲ್ಕು ಜನ ಸುಮ್ಮನಿದ್ದಾಗ ನಿಖಾತ್ ಕೈ ಎತ್ತಿದ್ದಳು. ಹಬ್ಬಕ್ಕೆ ಯಾರ ಮನೆಯಿಂದ ನಿಮ್ಮ ಮನೆಗೆ ಬರುತ್ತೆ, ನಿಮ್ಮ ಮನೆಯಿಂದ ಯಾರ ಮನೆಗೆ ಹೋಗುತ್ತೆ ಅಂತ ಕೇಳಿ ಸರ್, ಎಲ್ಲರೂ ಹೇಳ್ತಾರೆ. ಅನಂತರಾಜು ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ತಾನು ಹೇಳಿದ್ದನ್ನು ಯಾರಾದರೂ ಬೋರ್ಡಿನ ಮೇಲೆ ಬರೆದದ್ದು ಅವಳ ಮೂವತ್ತಾರು ವರ್ಷದಲ್ಲಿ ಅದೇ ಮೊದಲು. ಆ ಖುಷಿಯಲ್ಲಿ ಹೇಳದೆ ಬಿಟ್ಟ ಮಾತೊಂದಿತ್ತು. ಬಕ್ರೀದಿಗೆ ಕುರ್ಬಾನಿಯ ಮಾಂಸ ಮೂರು ಪಾಲಾಗುತ್ತದೆ: ಮನೆಗೊಂದು, ನೆಂಟರು ಸ್ನೇಹಿತರಿಗೊಂದು, ಬಡವರಿಗೊಂದು. ಎರಡನೆಯ ಪಾಲು ತಟ್ಟೆಯಲ್ಲಿ, ಮೇಲೆ ಬಟ್ಟೆ ಮುಚ್ಚಿ ಹೋಗುತ್ತದೆ. ಮೂರನೆಯದು ಪ್ಲಾಸ್ಟಿಕ್ ಕವರಿನಲ್ಲಿ. ಚಿಕ್ಕವಳಿದ್ದಾಗ ಎರಡನ್ನೂ ಹೊತ್ತವಳು ಅವಳೇ. ತಟ್ಟೆಯ ಮನೆಯಲ್ಲಿ ಒಳಗೆ ಕರೆದು ಕೂರಿಸುತ್ತಿದ್ದರು, ಕವರಿನ ಮನೆಯಲ್ಲಿ ಬಾಗಿಲಲ್ಲೇ ಕೊಟ್ಟು ಓಡಿ ಬರುತ್ತಿದ್ದಳು. ಕರೀಮುನ್ನೀಸಾಳದು ಕವರಿನ ಮನೆ.

"ಏನವ್ವಾ, ನಿದ್ದೆಗೆಟ್ಟು ಬಂದಂಗಿದ್ದೀಯ," ಎಂದಳು ಪಕ್ಕದಲ್ಲಿ ಬಂದು ಕೂತ ಮಮತಾ. ಅವಳು ಚನ್ನಪಟ್ಟಣದ ಹತ್ತಿರದ ಹಳ್ಳಿಯವಳು, ಮಾಗಡಿ ಕಡೆಯ ಮನೆಗಳನ್ನೂ ಮಾಡಿದವಳು. "ಇವತ್ತು ಪರೀಕ್ಷೆ ಕಣೆ. ಈ ಇಪ್ಪತ್ತರಾಗೆ ಹತ್ತು ನಿಜವಾದ ಬೀದಿಯಂತೆ, ಹತ್ತು ಮಿಷಿನ್ ಹೆತ್ತಿದ್ದಂತೆ. ಯಾವ್ದು ಯಾವ್ದು ಅಂತ ನಾವು ಹೇಳ್ಬೇಕಂತೆ. ಸೋಲೂರಾಗೆ ಗಂಗಹನುಮಯ್ಯ ಅಂತ ಒಬ್ಬ ಅಜ್ಜ ಇದ್ದ, ಕಷ್ಟ ಬಂದ್ರೆ ಯಾರ್ ಬಾಗ್ಲು ತಟ್ತೀಯ ತಾತ ಅಂದ್ರೆ, ಹಗಲೊತ್ತು ಬಾಗ್ಲು ಯಾರವ್ವ ಹಾಕ್ತಾರೆ ತಟ್ಟಕ್ಕೆ ಅಂದ. ಆ ವಯ್ಯ ಎಲ್ಲವ್ನೆ ಇದ್ರಾಗೆ ಅಂತ ಹುಡುಕ್ತಾ ಇವ್ನಿ."

ನಿಖಾತ್ ಒಂದೊಂದೇ ಹಾಳೆ ನೋಡಿದಳು. ಚುಕ್ಕಿ, ಗೆರೆ, ಗೆರೆ ಮೂರು ಸೇರಿ ತ್ರಿಕೋನ, ತ್ರಿಕೋನಗಳು ಒಂದಕ್ಕೊಂದು ಅಂಟಿ ಜೇನುಗೂಡಿನಂತೆ. ಯಾವುದು ಸುಳ್ಳು ಎಂದು ಹೇಳಲಾಗಲಿಲ್ಲ. ಎಲ್ಲವೂ ತಾನು ನಡೆದ ಬೀದಿಗಳಂತೆಯೇ ಇದ್ದವು, ಮದುವೆಗೆ ಕರೆಯುವವರು, ಜಗಳವಾಡಿ ಮೂರು ದಿನಕ್ಕೆ ಮತ್ತೆ ಸೇರುವವರು. ಹನ್ನೊಂದನೆಯ ಹಾಳೆಗೆ ಬರುವಾಗ ಅವಳ ಕಣ್ಣು ಮಧ್ಯದಿಂದ ಅಂಚಿಗೆ ಜಾರಿತು. ಅಂಚಿನಲ್ಲಿ ಒಂದು ಚುಕ್ಕಿ. ಅದರಿಂದ ಹೊರಟ ಎರಡೇ ಗೆರೆ ಎರಡು ಮನೆಗೆ ಹೋಗಿದ್ದವು, ಆ ಎರಡು ಮನೆಗಳು ತಮ್ಮೊಳಗೆ ಸೇರಿದ್ದವು. ಪುಟ್ಟ, ಅಚ್ಚುಕಟ್ಟಾದ ತ್ರಿಕೋನ. ಹಿಂದಿನ ಹಾಳೆಗಳನ್ನು ಮತ್ತೆ ತೆಗೆದಳು. ಅಲ್ಲೂ ಇತ್ತು. ಮುಂದಿನವನ್ನೂ ನೋಡಿದಳು, ಹತ್ತೊಂಬತ್ತನೆಯದರಲ್ಲಿ ಎರಡು ಇದ್ದವು. ಯಾವ ಹಾಳೆಯಲ್ಲೂ, ನಿಜದ ಊರಲ್ಲಾಗಲಿ ಹುಟ್ಟಿಸಿದ ಊರಲ್ಲಾಗಲಿ, ಗೆರೆಯೇ ಇಲ್ಲದ ಒಂಟಿ ಚುಕ್ಕಿ ಒಂದೂ ಇರಲಿಲ್ಲ. ಆ ತ್ರಿಕೋನವನ್ನು ಅವಳು ಬಲ್ಲಳು. ನವೆಂಬರಿನ ಒಂದು ಮಧ್ಯಾಹ್ನ ಕರೀಮುನ್ನೀಸಾಳ ಒಂಟಿ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ತನ್ನ ಕೈಯಾರೆ ಬರೆದದ್ದು. ಯಾರ ಮನೆಯಿಂದ ಬರುತ್ತೆ ಖಾಲಾ? ನಿಮ್ಮ ಮನೆಯಿಂದ ಬರುತ್ತೆ, ಓವೈಸ್ ಮನೆಯಿಂದ ಬರುತ್ತೆ, ಅಲ್ಲಾ ಒಳ್ಳೇದು ಮಾಡ್ಲಿ. ನಿಮ್ಮ ಮನೆಯಿಂದ ಯಾರ ಮನೆಗೆ ಹೋಗುತ್ತೆ? ಆಗ ಕರೀಮುನ್ನೀಸಾ ತನ್ನ ಬೆರಳುಗಳನ್ನು ನೋಡಿಕೊಂಡಿದ್ದಳು. ಇಪ್ಪತ್ತೆರಡು ವರ್ಷ ನಿಖಾತಳ ತಂದೆ ಮಕ್ಬೂಲರ ನೂಲು ಬಿಚ್ಚಾಣಿಕೆಯ ಶೆಡ್ಡಿನಲ್ಲಿ ಕುದಿಯುವ ನೀರಿಗೆ ಕೈ ಹಾಕಿ ಗೂಡಿನ ಎಳೆ ಹಿಡಿದ ಬೆರಳು, ಬೆರಳಚ್ಚಿನ ಗೀಟುಗಳೇ ಅಳಿಸಿಹೋಗಿದ್ದವು. ಆ ಬೆರಳನ್ನು ನೋಡಲಾಗದೆ ನಿಖಾತ್ ಬರೆದುಬಿಟ್ಟಳು: ರಂಜಾನಿಗೆ ಶೀರ್‌ಕುರ್ಮಾ, ಮಕ್ಬೂಲ್ ಅವರ ಮನೆಗೆ. ರಂಜಾನಿಗೆ ಶೀರ್‌ಕುರ್ಮಾ, ಓವೈಸ್ ಮನೆಗೆ. ಬರೆದದ್ದನ್ನು ಜೋರಾಗಿ ಓದಿಯೂ ಹೇಳಿದಳು. ಕರುಣೆಯಿಂದ ಬರೆದೆನೆಂದು ಆವತ್ತು ಅಂದುಕೊಂಡಿದ್ದಳು. ಖಾಲಿ ಬಿಟ್ಟರೆ ವಾಪಸು ಬರುತ್ತದೆ ಎಂಬುದೂ ಆ ಕ್ಷಣ ತಲೆಯಲ್ಲಿತ್ತೆ? ಇತ್ತು. ಎಷ್ಟು ಪಾಲು ಅದು, ಎಷ್ಟು ಪಾಲು ಇದು ಎಂದು ಈಗ ಬೇರೆ ಮಾಡಲು ಬರುತ್ತಿರಲಿಲ್ಲ. ಸುಳ್ಳು ಹಿಡಿಯುವ ಯಂತ್ರವೂ ಅದನ್ನು ಹಿಡಿದಿರಲಿಲ್ಲ. ಅವಳ ಸುಳ್ಳು ನಿಜದ ರಾಶಿಯೊಳಗಿನಿಂದಲೇ ಹೋಗಿತ್ತಲ್ಲ. ಯಂತ್ರ ಅದನ್ನು ಭಕ್ತಿಯಿಂದ ಕಲಿತು, ತಾನು ಕಟ್ಟಿದ ಪ್ರತಿ ಊರಿನ ಅಂಚಿನಲ್ಲೂ ನೆಟ್ಟಿತ್ತು.

"ಇಪ್ಪತ್ತಕ್ಕೆ ಹತ್ತು ಸರಿ, ಹತ್ತು ತಪ್ಪು. ನಾಣ್ಯ ಚಿಮ್ಮಿಸಿದಂಗೆ," ಅನಂತರಾಜು ಎಲ್ಲರ ಹಾಳೆ ಒಟ್ಟುಮಾಡಿ ನಕ್ಕರು. ಅವರ ಮುಖದಲ್ಲಿ ಮಗಳ ಮದುವೆ ಮುಗಿಸಿದವರ ಸುಸ್ತೂ ಸಂತೋಷವೂ ಇತ್ತು. "ಊರಿನವರಿಗೇ ಗುರುತು ಸಿಗಲಿಲ್ಲ ಅಂದ್ರೆ ಇದಕ್ಕಿಂತ ಏನು ಬೇಕು. ಇನ್ನೊಂದು ವಿಷಯ. ದುಡ್ಡು ಕೊಡೋ ಟ್ರಸ್ಟಿನವರು ಒಂಟಿ ಮನೆಗಳಿಗೆ ದಿನಾ ಒಂದು ಗಂಟೆ ಹೆಂಗಸೊಬ್ಬರನ್ನ ಕಳಿಸೋ ಯೋಜನೆ ಮಾಡಿದ್ರು, ಒಂದು ವರ್ಷಕ್ಕೆ. ಹೊರಗಿನ ಪಟ್ಟಣಗಳಲ್ಲಿ ನೂರಾರು ಬಂದ್ವು. ನಮ್ಮ ನಾಲ್ಕು ತಾಲ್ಲೂಕಲ್ಲಿ ಸೊನ್ನೆ. ಹೆಮ್ಮೆಪಡಬೇಕು. ಪಟ್ಟಿ ಇವತ್ತು ಸಾಯಂಕಾಲ ಐದಕ್ಕೆ ಮುಚ್ಚುತ್ತೆ."

ನಿಖಾತ್ ಎದ್ದಳು. ಅವಳು ಸರ್ ಹತ್ತಿರ ಹೋಗುವ ಮೊದಲೇ, ಮುಖ ನೋಡಿದ ಮಮತಾ ಅವಳ ದುಪಟ್ಟಾ ಹಿಡಿದು ಕಾರಿಡಾರಿಗೆ ಎಳೆದೊಯ್ದಳು. ನಿಖಾತ್ ತಾನು ಬರೆದ ಸುಳ್ಳನ್ನು ಅಲ್ಲಿ ಹೇಳಿದಳು.

"ನಾನೂ ಏಳು ಮನೆ ಹಂಗೇ ಮಾಡಿವ್ನಿ," ಎಂದಳು ಮಮತಾ. "ವಾಪಸ್ ಬಂದವ್ವೆ, ಮತ್ತೆ ಹೋಗಕ್ಕೆ ಬಸ್ಸಿಗೆ ಯಾರ್ ಕೊಡ್ತಾರೆ. ಪಕ್ಕದ ಮನೆಯೋರ ಹೆಸ್ರು ಹಾಕ್ಬುಟ್ಟೆ. ಎಲ್ರೂ ಹಾಕವ್ರೆ ಕಣೆ. ನೀನ್ ಹೇಳಿದ್ರೆ ಎಲ್ರ ಫಾರಂ ತೆಗ್ದು ನೋಡ್ತಾರೆ. ಮುಂದಿನ್ ತಿಂಗ್ಳು ಹೊಸ ಸರ್ವೇ ಐತೆ, ಅದ್ಕೆ ಯಾರ್ನೂ ತಗೊಳಲ್ಲ."

"ಅವಳು ಎರಡು ದಿನ ನೆಲದ ಮೇಲೆ ಬಿದ್ದಿದ್ಲು ಮಮತಾ."

"ನಿಂದೊಂದು ಹೇಳ್ಕೊ. ನಂದು ಹೇಳ್ಬ್ಯಾಡ. ಕೈ ಮುಗೀತೀನಿ."

ಮಮತಾ ನಿಜವಾಗಿಯೂ ಕೈ ಮುಗಿದಳು. ಆ ಏಳು ಮನೆಗಳಲ್ಲಿ ಯಾರಿದ್ದರೋ, ನಿಖಾತ್ ಕೇಳಲಿಲ್ಲ. ಕೇಳಿದ್ದರೆ ಹೆಸರು ಗೊತ್ತಾಗಿಬಿಡುತ್ತಿತ್ತು. ತನ್ನದೊಂದನ್ನು ಮಾತ್ರ ಹೇಳುತ್ತೇನೆ ಎಂದು ಒಪ್ಪಿಕೊಂಡಳು. ಒಪ್ಪಿಕೊಂಡಾಗ ಎದೆ ಹಗುರವಾದದ್ದನ್ನೂ, ಹಾಗೆ ಹಗುರವಾಯಿತಲ್ಲ ಎಂಬ ಅಸಹ್ಯವನ್ನೂ ಒಟ್ಟಿಗೇ ಹೊತ್ತು ಒಳಗೆ ಹೋದಳು.

ಸರ್ ಬೈಯುತ್ತಾರೆ, ಕೆಲಸ ಹೋಗುತ್ತದೆ ಎಂದು ಮೈ ಗಟ್ಟಿಮಾಡಿಕೊಂಡು ಹೇಳಿದ್ದಳು. ಅನಂತರಾಜು ಬೈಯಲಿಲ್ಲ. ಪೂರ್ತಿ ಕೇಳಿ, ಕನ್ನಡಕ ಒರೆಸಿ, ಲ್ಯಾಪ್‌ಟಾಪಿನಲ್ಲಿ ಏನೋ ನೋಡಿದರು. "ಒಟ್ಟು ಆರು ಸಾವಿರ ಗೆರೆ ಇದಾವೆ ಮೇಡಂ. ನೀವು ಹೇಳ್ತಿರೋದು ಎರಡು. ಮಾಡೆಲ್‌ಗೆ ಏನೂ ಆಗಲ್ಲ. ಮತ್ತೆ ಕಲಿಸೋ ಅಗತ್ಯ ಇಲ್ಲ, ಅದರ ಕಲಿಕೆ ಮುಗಿದಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಆರು ತಿಂಗಳಿನಿಂದ ಹೊತ್ತು ತಂದದ್ದನ್ನು ಇಳಿಸಲು ಜಾಗ ಕೇಳಿದರೆ, ಇಷ್ಟು ಸಣ್ಣ ಗಂಟಿಗೆ ಜಾಗ ಯಾಕೆ ಎಂದಂತಾಯಿತು. ಯಾವ ಊರಲ್ಲೂ ಒಂಟಿ ಚುಕ್ಕಿ ಯಾಕಿಲ್ಲ ಎಂದು ಕೇಳಿ ಸರ್, ಖಾಲಿ ಫಾರಂ ವಾಪಸು ಕಳಿಸಿದವರು ಯಾರು ಎಂದು ಕೇಳಿ, ಎನ್ನಬೇಕೆಂದು ಬಾಯಿ ತೆರೆದಳು. ಬಾಗಿಲ ಸಂದಿಯಲ್ಲಿ ಮಮತಾಳ ಸೀರೆಯ ಅಂಚು ಕಾಣಿಸುತ್ತಿತ್ತು. ಅದನ್ನು ಬಿಟ್ಟು ಬೇರೆ ಕೇಳಿದಳು.

"ಪಟ್ಟಿಗೆ ಸೇರಿಸೋಕಾಗುತ್ತಾ ಸರ್?"

"ಆಗುತ್ತೆ. ಹೊಸ ಫಾರಂ ತುಂಬಿ ತನ್ನಿ, ಐದರೊಳಗೆ. ಅವರ ಸಹಿ ಬೇಕು. ಮೊದಲು ಬರೆದ ಎರಡು ಮನೆಯವರೂ ಹೋಗಿಬರೋದು ಇಲ್ಲ ಅಂತ ಸಹಿ ಹಾಕಬೇಕು." ಆಮೇಲೆ, ನಿಜವಾದ ಕುತೂಹಲದಿಂದ, ಸ್ವಲ್ಪವೂ ಚುಚ್ಚುವ ಉದ್ದೇಶವಿಲ್ಲದೆ ಕೇಳಿದರು: "ನಲವತ್ತು ಹೆಜ್ಜೆ ಅಂದ್ರಲ್ಲ. ನೀವೇ ದಿನಾ ಹೋಗಿ ನೋಡಬಹುದಲ್ವಾ ಮೇಡಂ?"

ಆ ಪ್ರಶ್ನೆಯನ್ನು ಅವಳು ಮೆಟ್ಟಿಲಿಳಿಯುತ್ತ, ಮಾರುಕಟ್ಟೆಯ ಗೂಡಿನ ಜಾಲರಿಗಳ ನಡುವೆ, ತಳ್ಳುವ ಗಾಡಿಗಳ ನಡುವೆ ಹೊತ್ತು ನಡೆದಳು. ಹೋಗಬಹುದು. ಹತ್ತು ದಿನ ಹೋಗುತ್ತೇನೆ. ಹನ್ನೊಂದನೆಯ ದಿನ ತಲೆನೋವು, ಹನ್ನೆರಡನೆಯ ದಿನ ಯಾರೋ ನೆಂಟರು, ಹದಿನೈದನೆಯ ದಿನ ಆ ಬಾಗಿಲ ಮುಂದೆ ಬೇಗ ಬೇಗ ನಡೆದುಬಿಡುತ್ತೇನೆ. ತನ್ನನ್ನು ತಾನು ಇಷ್ಟು ಚೆನ್ನಾಗಿ ಬಲ್ಲೆನೆಂಬುದು ಅವಳಿಗೆ ಈ ವಯಸ್ಸಿನಲ್ಲಿ ಸಿಕ್ಕ ಏಕೈಕ ವಿದ್ಯೆ. ಸಂಬಳ ತೆಗೆದುಕೊಂಡು ಬರುವ ಹೆಂಗಸು ದಿನಾ ಬರುತ್ತಾಳೆ. ಮನಸ್ಸಿಗಿಂತ ಸಂಬಳವನ್ನು ನಂಬಬಹುದು.

ಅವಳದೇ ಬೀದಿಯ ಓವೈಸ್ ತನ್ನ ನೂಲಿನ ಅಂಗಡಿಯ ಮುಂದೆ ಸ್ಕೂಟರ್ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಫೋನ್ ಕಿವಿಗಿಟ್ಟುಕೊಂಡೇ ಪೆನ್ನು ತೆಗೆದುಕೊಂಡ. "ಏನು ಆಪಾ ಇದು, ರೇಷನ್ನಾ?"

"ಅಲ್ಲ. ಕರೀಮುನ್ನೀಸಾ ಖಾಲಾ ಮನೆಗೂ ನಿಮ್ಮ ಮನೆಗೂ ಹೋಗಿಬರೋದು ಇಲ್ಲ ಅಂತ."

"ಇಲ್ವಲ್ಲ," ಎಂದ ಅವನು, ಆಶ್ಚರ್ಯದಿಂದ. "ಇಲ್ಲದ್ದಕ್ಕೆ ಸೈನ್ ಯಾಕೆ?" ಸೀಟಿನ ಮೇಲೆ ಕಾಗದ ಇಟ್ಟು ಗೀಚಿ ಕೊಟ್ಟ. ತನ್ನ ಮನೆಯ ಪರವಾಗಿ ನಿಖಾತ್ ತಾನೇ ಸಹಿ ಹಾಕಿದಳು, ಅದೇ ಸ್ಕೂಟರಿನ ಸೀಟಿನ ಮೇಲೆ. ಮಕ್ಬೂಲ್ ಕುಟುಂಬದ ಪರವಾಗಿ. ಹೋಗಿಬರುವುದು ಇಲ್ಲ.

"ಬಾಗ್ಲು ದೂಡು, ಚಿಲಕ ಹಾಕಿಲ್ಲ," ಕರೀಮುನ್ನೀಸಾಳ ಬಾಗಿಲಲ್ಲಿ ನಿಂತಾಗ ಒಳಗಿನಿಂದ ದನಿ ಬಂತು. "ಹಾಕಿದ್ರೆ ತೆಗೆಯೋಕೆ ನಾನೇ ಏಳಬೇಕಲ್ಲ."

ಕರೀಮುನ್ನೀಸಾ ಮಂಚದ ಮೇಲೆ ಅಂಗಾತ ಮಲಗಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿದೆ, ಮೂರು ತಿಂಗಳು ಅಲುಗಾಡಬಾರದು ಎಂದು ಆಸ್ಪತ್ರೆಯಲ್ಲಿ ಪಟ್ಟಿ ಬಿಗಿದು ಕಳಿಸಿದ್ದರು. ತಲೆಯ ಹತ್ತಿರ ಸ್ಟೂಲಿನ ಮೇಲೆ ಬೀದಿಯ ಬೇರೆ ಬೇರೆ ಮನೆಗಳಿಂದ ಬಂದ ನಾಲ್ಕು ಡಬ್ಬಿಗಳು, ಎರಡನ್ನು ತೆರೆದೂ ಇರಲಿಲ್ಲ. "ನೋಡು ಬೇಟಿ, ಬಿದ್ದ ಮೇಲೆ ನಾನು ದೊಡ್ಡ ಮನುಷ್ಯಳಾದೆ. ಒಂದೇ ದಿನ ನಾಲ್ಕು ಮನೆ ಊಟ. ಮುಂದಿನ ವಾರ ಬಾ, ನೊಣ ಮಾತ್ರ ಇರುತ್ತೆ." ನಕ್ಕಳು, ನಕ್ಕದ್ದಕ್ಕೆ ಸೊಂಟ ಹಿಡಿದು ಕಣ್ಣು ಮುಚ್ಚಿದಳು. "ಆ ಮೀಟರ್ ಹುಡುಗ ಎತ್ತಿದ. ತಿಂಗಳಿಗೆ ಇಪ್ಪತ್ತು ಯೂನಿಟ್ ಸುಡೋಳು ನಾನು. ಆದ್ರೂ ಎತ್ತಿದ, ಪಾಪ."

ನಿಖಾತ್ ಚಾಪೆಯ ಮೇಲೆ ಕೂರದೆ ನಿಂತೇ ಹೇಳಿದಳು. ದಿನಾ ಒಬ್ಬಳು ಬರುತ್ತಾಳೆ ಖಾಲಾ, ಒಂದು ಗಂಟೆ, ಮೈ ಒರೆಸುತ್ತಾಳೆ, ಔಷಧಿ ಕೊಡುತ್ತಾಳೆ, ಒಂದು ವರ್ಷ. ಹಳೇ ಫಾರಂ ಬದಲಾಯಿಸಬೇಕು ಅಷ್ಟೆ. ಅಷ್ಟೆ ಎಂಬ ಮಾತು ಬಾಯಿಯಲ್ಲಿ ದಪ್ಪಗಾಯಿತು.

"ಹಳೇದ್ರಲ್ಲಿ ನಿಮ್ಮ ಮನೆ ಹೆಸರಿತ್ತು."

"ಇತ್ತು."

"ನಾನು ಹೇಳಿರಲಿಲ್ಲ ಬೇಟಿ. ನೀನೇ ಬರೆದೆ. ನಮ್ಮ ಮನೆಯಿಂದ ನಿಮ್ಮ ಮನೆಗೆ ಶೀರ್‌ಕುರ್ಮಾ ಹೋಗುತ್ತೆ ಅಂತ ನೀನೇ ಓದಿ ಹೇಳಿದೆ." ಕರೀಮುನ್ನೀಸಾ ಸೂರು ನೋಡುತ್ತಿದ್ದಳು. "ನಾನು ಬಾಯಿ ಬಿಡಲಿಲ್ಲ. ಮಕ್ಬೂಲ್ ಸಾಹೇಬರ ಮಗಳು ಬರೆದಿದ್ದಾಳೆ, ಅದು ಸುಳ್ಳಾಗಬಾರದು ಅಂದುಕೊಂಡೆ. ಈ ಸಲ ರಂಜಾನಿಗೆ ಕಾಲು ಕೇಜಿ ಶಾವಿಗೆ ತಂದೆ. ದ್ರಾಕ್ಷಿ ಹಾಕಿದೆ, ಒಂದು ಹಿಡಿ ಗೋಡಂಬಿ ಹಾಕಿದೆ. ನಾನೇ ತಂದು ಕೊಟ್ಟೆ. ನೀನಿರಲಿಲ್ಲ ಆವತ್ತು."

ನಿಖಾತ್ ಇದ್ದಳು. ಒಳಗಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲಲ್ಲಿ ಅತ್ತಿಗೆಯ ದನಿ, ಆಮೇಲೆ ಅಡುಗೆಮನೆಯಲ್ಲಿ ಅತ್ತಿಗೆ, ಆ ಮನೆಯದನ್ನು ಯಾರು ತಿಂತಾರೆ ಎಂದದ್ದು, ಕೆಲಸದವಳ ಡಬ್ಬಿಗೆ ಸುರಿದ ಸದ್ದು. ಬಟ್ಟಲನ್ನು ತೊಳೆದು ಖಾಲಿಯಾಗಿಯೇ ವಾಪಸು ಕಳಿಸಿದ್ದರು. ನಿಖಾತ್ ಇಸ್ತ್ರಿ ಮುಂದುವರಿಸಿದ್ದಳು, ತಂದೆಯ ಬಿಳಿ ಜುಬ್ಬದ ಕಾಲರು.

"ಈಗ ಅದು ನಿಜ ಅಲ್ವಾ," ಎಂದಳು ಕರೀಮುನ್ನೀಸಾ. "ಕೊಟ್ಟಿದ್ದೀನಲ್ಲ. ಅದನ್ನ ಹಂಗೇ ಇರಿಸಿ, ಆ ಹೆಂಗಸನ್ನೂ ಕಳಿಸೋಕಾಗಲ್ವಾ?"

"ಆಗಲ್ಲ ಖಾಲಾ. ಒಂದು ಗೆರೆ ಇದ್ರೂ ಕಳಿಸಲ್ಲ."

"ನಿಮ್ಮ ಮನೆಯೋರು ಸೈನ್ ಹಾಕಿದ್ರಾ?"

"ನಾನೇ ಹಾಕಿದೆ."

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗದೆ ಕೆಮ್ಮುತ್ತಿತ್ತು. ಕರೀಮುನ್ನೀಸಾ ಕಾಗದ ತೋರಿಸೆಂದು ಕೈ ನೀಡಿದಳು. ಓದಲು ಬಾರದ ಕಣ್ಣಿಗೆ ಹತ್ತಿರ ಹಿಡಿದು, ಎರಡು ಸಹಿಗಳನ್ನೂ ನೋಡಿ, ಒಂದರ ಮೇಲೆ ಬೆರಳಿಟ್ಟು "ಇದು ನಿಂದಾ" ಎಂದು ಕೇಳಿದಳು. ಹೌದು ಎಂದ ಮೇಲೆ ಎಡಗೈ ಹೆಬ್ಬೆರಳು ಚಾಚಿದಳು. ನಿಖಾತ್ ಇಂಕಿನ ಪ್ಯಾಡಿಗೆ ಅದನ್ನು ಒತ್ತಿ, ಕಾಗದದ ಮೇಲೆ ಒತ್ತಿದಳು. ಗೀಟುಗಳಿಲ್ಲದ ಒಂದು ನೀಲಿ ಕಲೆ ಮೂಡಿತು. ತನ್ನ ದುಪಟ್ಟಾದಿಂದ ಆ ಬೆರಳನ್ನು ಒರೆಸಲು ಬಗ್ಗಿದಾಗ ಕರೀಮುನ್ನೀಸಾ ಕೈ ಹಿಂದಕ್ಕೆ ತೆಗೆದುಕೊಂಡು ಹೊದಿಕೆಗೆ ತಾನೇ ಒರೆಸಿಕೊಂಡಳು.

"ನಾಳೆ ಬಂದು ನೋಡ್ತೀನಿ ಖಾಲಾ."

"ಯಾಕೆ ತೊಂದರೆ ತಗೋತೀರಿ," ಎಂದಳು ಕರೀಮುನ್ನೀಸಾ, ಸಿಟ್ಟಿಲ್ಲದ ದನಿಯಲ್ಲಿ. ಮೂಗು ಸುರಿಸುವ ವಯಸ್ಸಿನಿಂದ ನೋಡಿದವಳನ್ನು ಅವಳು ಮೊದಲ ಸಲ ಬಹುವಚನದಲ್ಲಿ ಕರೆದಿದ್ದಳು. "ಆಫೀಸಿನೋರು ಬರ್ತಾರಲ್ಲ. ಹೋಗಿ ಬನ್ನಿ ಮೇಡಂ, ಹೊತ್ತಾಗುತ್ತೆ."

ನಾಲ್ಕು ಮುಕ್ಕಾಲಿಗೆ ಕಾಗದ ಅನಂತರಾಜು ಅವರ ಮೇಜು ಸೇರಿತು. ಅವರು ಎರಡು ಗೆರೆ ಅಳಿಸಿ, ಪಟ್ಟಿಯಲ್ಲಿ ಸೊನ್ನೆ ಇದ್ದ ಕಡೆ ಒಂದು ಎಂದು ಬರೆದರು. ಯಂತ್ರ ಹುಟ್ಟಿಸಿದ ಊರುಗಳನ್ನು ಮುಟ್ಟಲಿಲ್ಲ. ಅವು ಹಾಗೆಯೇ ಬೆಂಗಳೂರಿಗೆ ಹೋದವು. ಮಮತಾಗೂ ನಿಖಾತಳಿಗೂ ಮುಂದಿನ ಸರ್ವೇಯ ಕೆಲಸ ಸಿಕ್ಕಿತು. ಮುಂದಿನ ಸೋಮವಾರದಿಂದ ಬೀರಮ್ಮ ಎಂಬ ಹೆಂಗಸು ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತಿದ್ದಾಳೆ, ಒಂದು ದಿನವೂ ತಪ್ಪಿಸಿಲ್ಲ. ಮೂರು ತಿಂಗಳು ಕಳೆದು ಕರೀಮುನ್ನೀಸಾ ಈಗ ಗೋಡೆ ಹಿಡಿದು ಬಾಗಿಲವರೆಗೂ ನಡೆಯುತ್ತಾಳೆ. ಅವಳಿಗೆ ದಿನಕ್ಕೊಂದು ಗಂಟೆ ಬಂತು. ತನಗೂ ಮಕ್ಬೂಲರ ಮನೆಗೂ ಏನೋ ಇದೆ ಎಂದು ಆರು ತಿಂಗಳು ನಂಬಿ ಬದುಕಿದ್ದು ಹೋಯಿತು. ನಿಖಾತ್ ಆ ಬೀದಿಯಲ್ಲಿ ಹೊರಟಾಗ ಕರೀಮುನ್ನೀಸಾ ಬಾಗಿಲಲ್ಲಿದ್ದರೆ ಒಳಗೆ ಸರಿಯುತ್ತಾಳೆ.